ತುತ್ತೂರಿಯ ಮುಂದೆ ನಿಂತವರು

(ಸಂಗೀತ ಮತ್ತು ಕಥೆ ಕುರಿತ ಒಂದು ಸಂಜೆಯ ಉಪನ್ಯಾಸದ ಬರಹ ರೂಪ. ಧ್ವನಿಮುದ್ರಣ ಕೇಳಿಸಿದ ಕಡೆ ಒಂದೆರಡು ಮಾತು ಸೇರಿಸಿದ್ದೇನೆ. ಮಿಕ್ಕಂತೆ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಪರಿಚಯ ಮಾಡಿಕೊಟ್ಟವರು "ಸಂಗೀತ ಸಂಯೋಜಕಿ, ಹಾಗೆಯೇ ಐತಿಹಾಸಿಕ ಕಥೆಗಳನ್ನೂ ಬರೆಯುತ್ತಾರೆ" ಅಂದರು. ಈ 'ಹಾಗೆಯೇ' ನನಗೆ ಒಗ್ಗಿಹೋಗಿದೆ. ಸಂಗೀತದವರ ನಡುವೆ ಕೂತರೆ ನಾನು ಕಥೆ ಬರೆಯುವವಳು, ಸಾಹಿತ್ಯದವರ ನಡುವೆ ಕೂತರೆ ರಾಗ ಹಾಕುವವಳು. ಎರಡೂ ಕಡೆ ಪರೀಕ್ಷೆ ಸ್ವಲ್ಪ ಸಡಿಲ. ತಾಳ ತಪ್ಪಿದರೆ "ಪಾಪ, ಬರೆಯೋರು" ಅಂತಾರೆ, ವಾಕ್ಯ ತಪ್ಪಿದರೆ "ಪಾಪ, ಹಾಡೋರು" ಅಂತಾರೆ.

ನಾನು ಕಥೆಗೆ ಬಂದದ್ದಕ್ಕೆ ಘನವಾದ ಕಾರಣವೇನಿಲ್ಲ. ಒಂದು ನಾಟಕಕ್ಕೆ ರಾಗ ಹಾಕುತ್ತಿದ್ದೆ. ಅದರಲ್ಲೊಂದು ದೃಶ್ಯ, ಮುದುಕರೊಬ್ಬರು ಗ್ರಾಮಫೋನಿಗೆ ಕೀಲಿ ಕೊಟ್ಟು ಪ್ಲೇಟು ಹಾಕುತ್ತಾರೆ. ನಿರ್ದೇಶಕರು "ಹಳೇ ಪ್ಲೇಟಿನ ಥರ ಕೇಳಬೇಕು, ಅಷ್ಟೇ" ಅಂದರು. ಹಳೇ ಪ್ಲೇಟು ಹೇಗೆ ಕೇಳುತ್ತದೆ ಅಂತ ತಿಳಿಯೋಕೆ ಒಂದು ವಾರ ಕೂತು ಕೇಳಿದೆ. ನಾಟಕ ಎಂಟು ಪ್ರಯೋಗ ಆಗಿ ನಿಂತುಹೋಯಿತು. ನನ್ನ ಕೇಳುವುದು ನಿಲ್ಲಲಿಲ್ಲ.

ಮೊದಲು ಒಂದು ತುಣುಕು ಕೇಳಿಸುತ್ತೇನೆ. ಹಾಡಿದವರು ಯಾರು ಅಂತ ಹೇಳುವುದಿಲ್ಲ. ಕೇಳಿ, ಈ ಹೆಂಗಸಿಗೆ ಎಷ್ಟು ವಯಸ್ಸಿರಬಹುದು ಅಂತ ಮನಸ್ಸಿನಲ್ಲೇ ಅಂದುಕೊಳ್ಳಿ.

(ಒಂದು ಪ್ಲೇಟಿನ ಮೊದಲ ಅರ್ಧ ನಿಮಿಷವನ್ನು ಎರಡು ಸಲ ಕೇಳಿಸಿದೆ. ಮೊದಲನೆಯದು ನಿಮಿಷಕ್ಕೆ 70 ಸುತ್ತಿನ ವೇಗದಲ್ಲಿ, ಎರಡನೆಯದು 78ರಲ್ಲಿ.)

ಮೊದಲ ಸಲ ಕೇಳಿದಾಗ ಮುಂದಿನ ಸಾಲಿನವರೊಬ್ಬರು ನಲವತ್ತೈದು ಅಂದರು. ಎರಡನೇ ಸಲ ಅವರೇ "ಅಯ್ಯೋ, ಹುಡುಗಿ" ಅಂದರು. ಹಾಡು ಅದೇ, ಪ್ಲೇಟು ಅದೇ, ಹಾಡಿದವರೂ ಅವರೇ. ತಿರುಗಿದ ವೇಗ ಮಾತ್ರ ಬೇರೆ. ಪ್ಲೇಟು ನಿಧಾನವಾಗಿ ತಿರುಗಿದರೆ ಕಾಲಪ್ರಮಾಣದ ಜೊತೆ ಶ್ರುತಿಯೂ ಇಳಿಯುತ್ತದೆ, ಕಂಠದ ಬಣ್ಣವೂ ದಪ್ಪಗಾಗುತ್ತದೆ. 78ಕ್ಕೂ 70ಕ್ಕೂ ಇರುವ ಅಂತರ ಹೆಚ್ಚೂಕಡಿಮೆ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ, ಅಂದರೆ 'ಸ'ದಿಂದ ಮೇಲಿನ 'ರಿ'ಗೆ, ಇರುವಷ್ಟು. 78 ಅಂತ ನಾವು ಸಲೀಸಾಗಿ ಹೇಳುವ ಲೆಕ್ಕ ಗಟ್ಟಿಯಾಗಿ ನೆಲೆನಿಂತದ್ದು 1925ರಲ್ಲಿ ವಿದ್ಯುತ್ತಿನ ಧ್ವನಿಮುದ್ರಣ ಬಂದ ನಂತರ. ಅದಕ್ಕೂ ಮೊದಲಿನ ಪ್ಲೇಟುಗಳು 70ರಿಂದ 80ರ ಆಚೆವರೆಗೆ ಹೇಗೆ ಬೇಕಾದರೂ ಇರುತ್ತಿದ್ದವು. ಹಾಗಾಗಿ ಆ ಕಾಲದ ಗಾಯಕಿಯೊಬ್ಬರು ಯಾವ ಶ್ರುತಿಗೆ ಹಾಡಿದರು ಅಂತ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ಸ್ವಲ್ಪ ಅನುಮಾನಪಡಿ. ಪಕ್ಕದಲ್ಲಿ ಹಾರ್ಮೋನಿಯಂ ಇದ್ದರೆ ಒಂದು ಸುಳಿವು ಸಿಕ್ಕಂತೆ, ಯಾಕೆಂದರೆ ಅದರ ಹನ್ನೆರಡು ಮನೆಗಳು ಕದಲುವುದಿಲ್ಲ. ಆದರೆ ಹನ್ನೆರಡರಲ್ಲಿ ಯಾವುದು? ಅಲ್ಲಿಗೆ ಮತ್ತೆ ನಮ್ಮ ಕಿವಿ, ನಮ್ಮ ಊಹೆ.

ನನ್ನನ್ನು ಕಥೆ ಬರೆಯಲು ಕೂರಿಸಿದ್ದು ಇದೇ. ಇಷ್ಟು ಹತ್ತಿರದಲ್ಲಿದ್ದಾರೆ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ, ಆದರೂ ಅವರ ಕಂಠ ಎಷ್ಟು ಎತ್ತರದ್ದು ಅನ್ನುವುದು ನನಗೆ ಗೊತ್ತಿಲ್ಲ.

ಈಗ ಕೇಳಿದ್ದು ಗೌಹರ್ ಜಾನ್, ನಮ್ಮ ದೇಶದ ಮೊದಮೊದಲ ಪ್ಲೇಟುಗಳ ಕಾಲದ ಹೆಸರಾಂತ ಗಾಯಕಿ. ಕೊನೆಯ ಐದು ಸೆಕೆಂಡು ಕೇಳಿಸಿದ್ದರೆ ಹೆಸರು ಅವರೇ ಹೇಳಿಬಿಡುತ್ತಿದ್ದರು, "ಮೈ ನೇಮ್ ಈಸ್ ಗೌಹರ್ ಜಾನ್" ಅಂತ, ಇಂಗ್ಲಿಷಿನಲ್ಲಿ, ಜೋರಾಗಿ, ಒಂದಿಷ್ಟು ಗತ್ತಿನಲ್ಲಿ. ಆಗಿನ ಪ್ಲೇಟುಗಳ ಮೇಣದ ಅಚ್ಚು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿ ಚೀಟಿ ಅಂಟಿಸುವವರಿಗೆ ಯಾರ ಹಾಡು ಯಾವುದು ಅಂತ ಗೊತ್ತಾಗಲಿ ಅಂತ ಹೀಗೆ ಹೆಸರು ಹೇಳಿಸುತ್ತಿದ್ದರು ಅನ್ನುತ್ತಾರೆ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾಗುವವರೆಗೂ ನಮ್ಮ ಹಾಡುಗಳೆಲ್ಲ ಸಮುದ್ರ ದಾಟಿ ಹೋಗಿ ವಾಪಸು ಬರುತ್ತಿದ್ದವು.

ಆದರೆ ನಾನಿವತ್ತು ಗೌಹರ್ ಜಾನ್ ಬಗ್ಗೆ ಮಾತಾಡಲು ಬಂದಿಲ್ಲ. ಅವರನ್ನು ಯಾರೂ ಮರೆತಿಲ್ಲ, ಮರೆಯಲು ಅವರು ಬಿಡುವವರೂ ಅಲ್ಲ. ನನ್ನ ಕುತೂಹಲವೆಲ್ಲ ಅವರಿಗಿಂತ ಮೊದಲು, ಆಗ ಮೈಕಿನ ಬದಲು ಇರುತ್ತಿದ್ದ ತುತ್ತೂರಿಯ ಮುಂದೆ ನಿಂತ ಇಬ್ಬರ ಮೇಲೆ.

1902ರ ನವೆಂಬರ್. ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಿದ್ದಾನೆ. ಊರಿನ ನಾಟಕಗಳನ್ನು, ಕೋಠಿಗಳ, ಅಂದರೆ ಹಾಡುವ ಹೆಂಗಸರ ಮನೆಗಳ, ಸಂಗೀತ ಕೂಟಗಳನ್ನು ಸುತ್ತಿ, ಯಾರನ್ನು ಹಾಡಿಸಬೇಕು ಅಂತ ನೋಡುತ್ತಿದ್ದಾನೆ. ಅವನು ಮೊಟ್ಟಮೊದಲು ಹಾಡಿಸಿದ್ದು ನಾಟಕ ಕಂಪನಿಯ ಇಬ್ಬರು ಹುಡುಗಿಯರನ್ನು, ಶೋಶಿಮುಖಿ ಮತ್ತು ಫಣಿಬಾಲಾ. ಒಬ್ಬಳಿಗೆ 16, ಇನ್ನೊಬ್ಬಳಿಗೆ 14 ಅಂತ ಬರೆದಿಟ್ಟಿದ್ದಾನೆ. ಅದರ ಜೊತೆಗೇ, ಕಂಠ ಮಾತ್ರ ದರಿದ್ರ ಅನ್ನುವ ಅರ್ಥದ ಮಾತನ್ನೂ ಸೇರಿಸಿದ್ದಾನೆ. ಅಲ್ಲಿಗೆ ಮುಗಿಯಿತು. ಗೌಹರ್ ಜಾನ್ ಬಗ್ಗೆ ಬರೆಯುವಾಗ ಅವನೇ ಧಾರಾಳಿ, ಒಮ್ಮೆ ತೊಟ್ಟ ಒಡವೆಯನ್ನು ಆಕೆ ಮತ್ತೆ ತೊಟ್ಟುಕೊಂಡು ಬರುತ್ತಿರಲಿಲ್ಲ ಅಂತೆಲ್ಲ ಬರೆಯುತ್ತಾನೆ. ಈ ಇಬ್ಬರಿಗೆ ವಯಸ್ಸು ಮತ್ತು ಬೈಗುಳ, ಅಷ್ಟೇ.

ಅವನ ಮೇಲೆ ನನಗೆ ಕೋಪವಿಲ್ಲ. ಬಂದ ಹೊಸದು, ಸೆಕೆ, ಕಿವಿಗೆ ಪರಿಚಯವೇ ಇಲ್ಲದ ಸಂಗೀತ. ಆರೇ ವಾರದಲ್ಲಿ 500ಕ್ಕೂ ಹೆಚ್ಚು ಮುದ್ರಣ ಮಾಡಿಕೊಂಡು ಹೋದ. ಕೆಲಸಗಾರ. ಆದರೆ ಹಾಡುವವರಿಗೆ ರಾಗ ಹೇಳಿಕೊಟ್ಟು ದುಡಿದ ನನಗೆ 'ಕಂಠ ಚೆನ್ನಾಗಿಲ್ಲ' ಅನ್ನುವ ಮಾತು ಕೇಳಿದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ. ಯಾವ ಶ್ರುತಿಯಲ್ಲಿ? ಎಷ್ಟು ಹೊತ್ತಿನಲ್ಲಿ? ಹಿಂದಿನ ರಾತ್ರಿ ನಾಟಕವಿತ್ತೇ? ತಡರಾತ್ರಿಯವರೆಗೆ ರಂಗದ ಮೇಲೆ ಕೂಗಿ ಹಾಡಿದ ಹುಡುಗಿಯನ್ನು ಬೆಳಗ್ಗೆ ಎಬ್ಬಿಸಿ ಕರೆತಂದು "ಹಾಡು" ಅಂದರೆ ಲತಾ ಮಂಗೇಶ್ಕರ್ ಆದರೂ ಕೆಮ್ಮುತ್ತಿದ್ದರು.

ಆ ಕೋಣೆಯನ್ನು ಸ್ವಲ್ಪ ನೋಡೋಣ. ನನ್ನ ಮಟ್ಟಿಗೆ ಕಥೆ ಅಂದರೆ ಮೊದಲು ಕೋಣೆ.

ಮೈಕು ಇಲ್ಲ. ವಿದ್ಯುತ್ತೂ ಇಲ್ಲ. ಒಂದು ಉದ್ದನೆಯ ತಗಡಿನ ತುತ್ತೂರಿ, ಅಗಲ ಬಾಯಿ ಹಾಡುವವರ ಕಡೆ, ಸಣ್ಣ ತುದಿ ಯಂತ್ರದ ಕಡೆ. ಆ ತುದಿಯಲ್ಲಿ ತೆಳ್ಳನೆಯ ಪೊರೆ, ಪೊರೆಗೆ ಅಂಟಿದ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ತಟ್ಟೆಯನ್ನು ತಿರುಗಿಸುವುದು ಮೇಲಿಂದ ನಿಧಾನವಾಗಿ ಇಳಿಯುವ ಒಂದು ತೂಕ, ಹಳೇ ಗೋಡೆ ಗಡಿಯಾರದ ಥರ. ಕಂಠದ ಗಾಳಿಯೇ ಸೂಜಿಯನ್ನು ಅಲುಗಾಡಿಸಬೇಕು, ಬೇರೆ ಯಾವ ಶಕ್ತಿಯ ನೆರವೂ ಅದಕ್ಕಿಲ್ಲ. ಹಾಗಾಗಿ ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಮಂದ್ರಕ್ಕೆ ಇಳಿದಾಗ ಇನ್ನೂ ಮುಂದೆ ಬಾಗಬೇಕು, ತಾರಸ್ಥಾಯಿಗೆ ಹೋದಾಗ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಸೂಜಿ ಎಗರಿ ಮೇಣ ಕೆಡುತ್ತದೆ. ಪಕ್ಕವಾದ್ಯದವರು ಒಬ್ಬರ ಮೇಲೊಬ್ಬರು ಬಿದ್ದಂತೆ ಒತ್ತಿಕೊಂಡು ಕೂರಬೇಕು. ಏಳಿಂಚಿನ ತಟ್ಟೆಯಾದರೆ ಎರಡು ನಿಮಿಷ, ಹತ್ತಿಂಚಿನದಾದರೆ ಮೂರು ನಿಮಿಷ. ಮುಗಿಯಿತು. ತಪ್ಪಿದರೆ ಆ ತಟ್ಟೆ ವ್ಯರ್ಥ. ಅಳಿಸಿ ತಿದ್ದುವ ಮಾತೇ ಇಲ್ಲ.

ಇಲ್ಲಿ ನನ್ನದೊಂದು ಪೆಚ್ಚಾಟ ಹೇಳಬೇಕು. ನನ್ನ ಮೊದಲ ಕಥೆಯಲ್ಲಿ ಒಬ್ಬ ಗಾಯಕಿ ಈ ತುತ್ತೂರಿಯ ಮುಂದೆ ಕೂತು, ಕಣ್ಣು ಮುಚ್ಚಿ, ಪಿಸುಗುಟ್ಟುವ ಹಾಗೆ ಠುಮ್ರಿಯ, ಅಂದರೆ ಹಿಂದುಸ್ತಾನಿಯ ಭಾವಪ್ರಧಾನ ಹಾಡಿನ, ಸಾಲೊಂದನ್ನು ಹಾಡುತ್ತಾಳೆ. ಓದಿದವರೆಲ್ಲ ಕಣ್ಣಲ್ಲಿ ನೀರು ಬಂತು ಅಂದರು. ನನಗೂ ಹೆಮ್ಮೆ. ಹಳೇ ಪ್ಲೇಟು ಕೂಡಿಡುವ ಹಿರಿಯರೊಬ್ಬರು ಓದಿ ಫೋನ್ ಮಾಡಿ, "ಅಮ್ಮಾ, ಕಥೆ ಚೆನ್ನಾಗಿದೆ. ಆದರೆ ಆ ಪ್ಲೇಟಿನಲ್ಲಿ ಏನೂ ಮುದ್ರಣ ಆಗಿರೋದಿಲ್ಲ" ಅಂದರು. ಅಷ್ಟೇ ಹೇಳಿ ಫೋನ್ ಇಟ್ಟರು. ಪಿಸುಮಾತಿಗೆ ಆ ಸೂಜಿ ಅಲ್ಲಾಡುವುದೇ ಇಲ್ಲ! ಪಿಸುಗುಟ್ಟಿ ಹಾಡುವುದು ಮೈಕು ಬಂದ ಮೇಲಿನ ಸುಖ. ಸಂಗೀತಗಾರ್ತಿಯಾಗಿ ಇದು ನನಗೆ ಹೊಳೆಯಬೇಕಿತ್ತು. ಕಥೆಗಾರ್ತಿಯಾದ ಕೂಡಲೇ ಕಿವಿ ಮುಚ್ಚಿಕೊಂಡುಬಿಟ್ಟಿದ್ದೆ.

ಆ ದೃಶ್ಯವನ್ನು ತಿದ್ದಿ ಬರೆದೆ. ಈಗ ಅವಳು ಜೋರಾಗಿ ಹಾಡುತ್ತಾಳೆ. ಮುಂದೆ ಬಾಗುವುದು, ಹಿಂದೆ ಸರಿಯುವುದು, ನಡುವೆ ಸಾರಂಗಿಯವನ ಮೊಣಕೈ ಬೆನ್ನಿಗೆ ತಗಲುವುದು, ಎರಡನೇ ನಿಮಿಷದ ಕೊನೆಗೆ ಯಾರೋ ಬೆರಳು ಎತ್ತಿ ಸನ್ನೆ ಮಾಡಿದ್ದನ್ನು ನೋಡಿ ಒಂದು ಸಾಲು ನುಂಗಿ ಪಲ್ಲವಿಗೆ ಮರಳುವುದು, ಎಲ್ಲ ಇದೆ. ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. ಆದರೆ ಆಕೆ ಎಂಥ ಜಾಣೆ ಅನ್ನುವುದು ಈಗ ಕಾಣುತ್ತದೆ. ಎರಡು ಗಂಟೆ ಬೆಳೆಸುತ್ತಿದ್ದ ಹಾಡನ್ನು ಮೂರು ನಿಮಿಷಕ್ಕೆ ಮಡಿಸಿ ಇಡುವುದಕ್ಕೆ ಎಷ್ಟು ತಲೆ ಬೇಕು! ನಾನು ನಾಟಕಕ್ಕೆ ರಾಗ ಹಾಕುವಾಗ ನಿರ್ದೇಶಕರು "ನಲವತ್ತು ಸೆಕೆಂಡಲ್ಲಿ ಮುಗಿಸಿ" ಅಂದರೆ ಮುಖ ಊದಿಸಿಕೊಳ್ಳುತ್ತೇನೆ. ಆ ಹೆಂಗಸರು ಯಾರ ಶಿಬಿರಕ್ಕೂ ಹೋಗದೆ ಅದನ್ನು ಕಲಿತುಕೊಂಡರು.

ಮರೆತುಹೋದ ಹೆಂಗಸರ ಬಗ್ಗೆ ಬರೆಯುವಾಗ ನಾವೆಲ್ಲ, ನಾನೂ ಸೇರಿ, ಮೊದಲು ಕೈ ಹಾಕುವುದು ಅವರ ದುಃಖಕ್ಕೆ. ಮೋಸ ಮಾಡಿದ ಪ್ರಿಯಕರ, ಕೊನೆಗಾಲದ ಬಡತನ, ಖಾಲಿ ಕೋಣೆಯಲ್ಲಿ ಒಂಟಿ ತಂಬೂರಿ. ಅವರ ಪಾಡು ಸುಳ್ಳಲ್ಲ. ಆದರೆ ದುಃಖ ಎಲ್ಲರಿಗೂ ಇರುತ್ತದೆ, ಪಕ್ಕದ ಮನೆಯವರಿಗೂ ಇದೆ. ಆ ಹೆಂಗಸಿಗೇ ಸೇರಿದ್ದು ಅವಳ ಕಸುಬು. ಬೆಳಗ್ಗೆ ಎದ್ದು ಎಷ್ಟು ಹೊತ್ತು ಸಾಧಕ ಮಾಡುತ್ತಿದ್ದಳು, ಗಂಟಲು ಕೆಟ್ಟ ದಿನ ಯಾವ ರಾಗ ಎತ್ತಿಕೊಳ್ಳುತ್ತಿದ್ದಳು, ಸಂಭಾವನೆಯನ್ನು ಪಕ್ಕವಾದ್ಯದವರ ಜೊತೆ ಹೇಗೆ ಹಂಚಿಕೊಳ್ಳುತ್ತಿದ್ದಳು. ಅದನ್ನು ಬಿಟ್ಟು ಬರೆದರೆ ನಾವೂ ಅವಳನ್ನು ಇನ್ನೊಮ್ಮೆ ಮರೆತಂತೆಯೇ.

ಈ ಕಸುಬು ಅನ್ನುವ ಮಾತಿಗೆ ಒಂದು ಕಹಿ ಚರಿತ್ರೆಯೂ ಇದೆ. ಬಂಗಾಳದ ಹಳೇ ಪ್ಲೇಟುಗಳ ಚೀಟಿಯ ಮೇಲೆ ಕೆಲವು ಹೆಸರುಗಳ ಪಕ್ಕ ಕಂಸದಲ್ಲಿ 'ಅಮೆಚೂರ್' ಅಂತ ಅಚ್ಚಾಗಿರುತ್ತದೆ. ಸ್ವಾತಂತ್ರ್ಯ ಹೋರಾಟದ ನಾಯಕ ಚಿತ್ತರಂಜನ್ ದಾಸರ ಸಹೋದರಿ ಅಮಲಾ ದಾಸ್ ಹಾಡಿದ ಪ್ಲೇಟಿನ ಮೇಲೆ 'ಮಿಸ್ ದಾಸ್ (ಅಮೆಚೂರ್)' ಅಂತಿದೆ. ನಾವು ಇವತ್ತು ಆ ಪದವನ್ನು 'ಇನ್ನೂ ಪಳಗದವರು' ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಅಲ್ಲಿ ಅದು ಮರ್ಯಾದೆಯ ಪದಕ. ಇವರು ಹಾಡಿ ಹೊಟ್ಟೆ ಹೊರೆಯುವವರಲ್ಲ, ದೊಡ್ಡ ಮನೆಯವರು ಅನ್ನುವ ಸರ್ಟಿಫಿಕೇಟು. ಅದರರ್ಥ, ಕಂಸ ಇಲ್ಲದ ಹೆಸರುಗಳೆಲ್ಲ ಹಾಡಿ ಹೊಟ್ಟೆ ಹೊರೆದವರದ್ದು. ಹತ್ತು ವರ್ಷ ಗುರುವಿನ ಮುಂದೆ ಕೂತು ಕಲಿತದ್ದು ಕಳಂಕ, ಹವ್ಯಾಸಕ್ಕೆ ಹಾಡಿದ್ದು ಗೌರವ. ಗಂಡಸರ ವಿಷಯದಲ್ಲಿ ಇದು ಪೂರಾ ತಿರುಗುಮುರುಗು ಅಂತ ಬೇರೆ ಹೇಳಬೇಕಿಲ್ಲ, ಆಸ್ಥಾನ ವಿದ್ವಾನ್ ಅನ್ನುವುದಕ್ಕೆ ಯಾರೂ ನಾಚಲಿಲ್ಲ. ಶೋಶಿಮುಖಿ, ಫಣಿಬಾಲಾ ಮರೆತುಹೋದದ್ದಕ್ಕೆ ಕಂಠ ಒಂದೇ ಕಾರಣ ಅಂತ ಈಗ ನನಗೆ ಅನ್ನಿಸುವುದಿಲ್ಲ. ಅವರು ದುಡಿಯುವ ಹುಡುಗಿಯರಾಗಿದ್ದರು.

ಗೌಹರ್ ಜಾನ್ ಬಗ್ಗೆ ಮಾತಾಡುವುದಿಲ್ಲ ಅಂದೆ, ಆದರೆ ಮೈಸೂರಿನವರು ಇಲ್ಲಿದ್ದೀರಿ, ಬಿಟ್ಟರೆ ಸುಮ್ಮನಿರುವುದಿಲ್ಲ. 1928ರಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಈ ಒಂದೂವರೆ ವರ್ಷ ಐತಿಹಾಸಿಕ ಕಾದಂಬರಿ ಬರೆಯುವವರಿಗೆ ಜೇನುಗೂಡು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿ ದೇಶವನ್ನೇ ಆಳಿದ ಕಂಠ, ಗೊತ್ತಿಲ್ಲದ ಊರು, ಜನವರಿಯ ಚಳಿ. ನಾನೂ ಮೂವತ್ತು ಪುಟ ಬರೆದೆ. ಆಮೇಲೆ ಓದಿದರೆ ಅದರಲ್ಲಿ ಮಂಜು ಎಷ್ಟಿದೆ ಅಂದರೆ, ಮೈಸೂರೋ ಮಡಿಕೇರಿಯೋ ತಿಳಿಯುತ್ತಿರಲಿಲ್ಲ. ಹಾಡು ಎಲ್ಲೂ ಇರಲಿಲ್ಲ. ತೆಗೆದಿಟ್ಟೆ.

ಕಸುಬನ್ನು ಹಿಡಿದು ಬರೆಯಬೇಕು ಅಂತ ಹೊರಟಾಗ ನಮ್ಮಲ್ಲಿ ಒಂದು ಕಷ್ಟ ಎದುರಾಗುತ್ತದೆ. ಹೇಳಿಕೊಟ್ಟದ್ದೆಲ್ಲ ಬಾಯಿಂದ ಬಾಯಿಗೆ ಹೋದದ್ದು. ಹೆಣ್ಣುಮಗಳೊಬ್ಬಳ ಸಾಧಕ ಹೇಗಿತ್ತು ಅಂತ ಬರೆದಿಟ್ಟ ಕಾಗದ ಕೈಗೆ ಸಿಗುವುದು ಅಪರೂಪ. ಹಾಗಾಗಿ ನನಗೆ ತುಂಬ ಇಷ್ಟವಾದ ಒಂದು ಕಾಗದ ಬಹಳ ದೂರದ್ದು. ಅದನ್ನು ಇಲ್ಲಿ ತರುವುದಕ್ಕೆ ಕ್ಷಮೆ ಇರಲಿ.

ಇಟಲಿಯ ಪಾದುವಾ ಊರಿನಲ್ಲಿ ತಾರ್ತೀನಿ ಅನ್ನುವ ದೊಡ್ಡ ಪಿಟೀಲು ವಿದ್ವಾಂಸ ಇದ್ದ. 1760ರ ಮಾರ್ಚ್ 5ರಂದು ಆತ ವೆನಿಸ್ಸಿನ ಒಬ್ಬ ಹುಡುಗಿಗೆ ಪತ್ರ ಬರೆಯುತ್ತಾನೆ. ಅವಳು ಮದ್ದಲೇನಾ ಲೊಂಬಾರ್ದೀನಿ. ಮೆಂದಿಕಾಂತಿ ಅನ್ನುವ ಅನಾಥಾಶ್ರಮದಲ್ಲಿ ಬೆಳೆಯುತ್ತಿದ್ದ ಹುಡುಗಿ, ವಯಸ್ಸು 14. ಗೈಸ್‌ಬರ್ಗ್ ಹಾಡಿಸಿದ ಆ ಇಬ್ಬರಲ್ಲಿ ಕಿರಿಯವಳದೇ ವಯಸ್ಸು, ನೋಡಿ. ವೆನಿಸ್ಸಿನ ಅಂಥ ನಾಲ್ಕು ಆಶ್ರಮಗಳಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು, ಅವರು ಕಂಬಿಯ ಜಾಲರಿಯ ಹಿಂದೆ ನಿಂತು ಹಾಡುತ್ತಿದ್ದರು, ನುಡಿಸುತ್ತಿದ್ದರು. ಯುರೋಪಿನ ಶ್ರೀಮಂತರೆಲ್ಲ ಕೇಳಲು ಬರುತ್ತಿದ್ದರು.

ಆ ಪತ್ರದಲ್ಲಿ ಏನಿದೆ? ಆಶೀರ್ವಾದ ಒಂದೆರಡು ಸಾಲು, ಮಿಕ್ಕಿದ್ದೆಲ್ಲ ಪಾಠ. ಮೊದಲು ಬಿಲ್ಲು. ಬೆರಳು ಒತ್ತದೆ ಬರೀ ತಂತಿಯ ಮೇಲೆ ಬಿಲ್ಲು ಇಡು. ಕೇಳಿಯೂ ಕೇಳದಷ್ಟು ಮೆಲ್ಲಗೆ ಶುರುಮಾಡು, ಅದೇ ಎಳೆತದಲ್ಲಿ ನಾದವನ್ನು ಊದಿಸಿ ಜೋರು ಮಾಡು, ಮತ್ತೆ ಇಳಿಸು. ಬಿಲ್ಲು ಕೆಳಗೆ ಎಳೆಯುವಾಗಲೂ ಹೀಗೇ, ಮೇಲೆ ತಳ್ಳುವಾಗಲೂ ಹೀಗೇ. ದಿನಕ್ಕೆ ಒಂದು ಗಂಟೆಯಾದರೂ ಇದನ್ನು ಮಾಡು, ಆದರೆ ಒಟ್ಟಿಗೆ ಬೇಡ, ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಇದು ಬಂದರೆ ಬಿಲ್ಲು ನಿನ್ನ ಕೈಗೆ ಬಂದ ಹಾಗೆ. ಆಮೇಲೆ ಬಿಲ್ಲಿನ ವೇಗ, ಆಮೇಲೆ ಎಡಗೈ, ಆಮೇಲೆ ಕಂಪಿತ ಸ್ವರವನ್ನು ನಿಧಾನಕ್ಕೆ ಶುರುಮಾಡಿ ಬಿರುಸುಗೊಳಿಸುವುದು.

ಇಲ್ಲಿ ಹಾಡು ಕಲಿತವರು ತಲೆ ಆಡಿಸುತ್ತಿದ್ದೀರಿ. ನಮ್ಮ ಮನೆಗಳಲ್ಲಿ ಬೆಳಗಿನ ಜಾವ ಎಬ್ಬಿಸಿ ಮಂದ್ರದ ಷಡ್ಜದಲ್ಲಿ ಅಕಾರ ಹಿಡಿಸುತ್ತಿದ್ದರಲ್ಲ, ಅದೇ ಪಾಠ. ಸಣ್ಣದಾಗಿ ಶುರು, ತುಂಬು, ಇಳಿಸು. ನನಗೆ ಆ ಪತ್ರದಲ್ಲಿ ಹಿಡಿಸಿದ್ದು ಆತನ ಧೋರಣೆ. ಆಶ್ರಮದ 14 ವರ್ಷದ ಹುಡುಗಿಗೆ ಮರುಕವಿಲ್ಲ, ಹೊಗಳಿಕೆಯಿಲ್ಲ, ಹುಷಾರು ಅನ್ನುವ ಉಪದೇಶವಿಲ್ಲ. ಒಬ್ಬ ಕಸುಬುದಾರ ಇನ್ನೊಬ್ಬಳು ಕಸುಬುದಾರಳಿಗೆ ಬರೆದ ಹಾಗಿದೆ. ಮುಂದೆ ಆಕೆ ಪಿಟೀಲು ಕನ್ಚೆರ್ಟೊಗಳನ್ನು, ಅಂದರೆ ವಾದ್ಯವೃಂದದ ಜೊತೆ ಒಂಟಿ ಪಿಟೀಲು ನುಡಿಸುವ ಕೃತಿಗಳನ್ನು, ರಚಿಸಿದಳು, ಪಿಟೀಲಿನವನೇ ಆದ ಸಿರ್ಮೆನ್‌ನನ್ನು ಮದುವೆಯಾಗಿ 1768ರಲ್ಲಿ ಪ್ಯಾರಿಸ್ಸಿನಲ್ಲಿ, 1771ರಲ್ಲಿ ಲಂಡನ್ನಿನಲ್ಲಿ ನುಡಿಸಿದಳು. ಆಮೇಲಿನ ದಶಕಗಳಲ್ಲಿ ಹೆಸರು ಮಸುಕಾಯಿತು. ನಾನು ಫಣಿಬಾಲಾಳ ಕಥೆಗೆ ಒಬ್ಬ ನಾಟಕದ ಮಾಸ್ತರರನ್ನು ಸೃಷ್ಟಿಸಿದಾಗ, ಅವರ ಬಾಯಿಗೆ ಏನು ಮಾತು ಕೊಡಬೇಕು ಅಂತ ತಿಳಿಯದೆ ಈ ಪತ್ರದ ಧಾಟಿಯನ್ನೇ ತೆಗೆದುಕೊಂಡೆ. ಮಾಸ್ತರರು ಅವಳಿಗೆ ಹೇಳುವುದು ಒಂದೇ: "ಮುಂದೆ ಬಾಗುವಾಗ ಹೊಟ್ಟೆ ಮಡಿಸಬೇಡ, ಸೊಂಟದಿಂದ ಬಾಗು, ಉಸಿರು ಕಟ್ಟುತ್ತೆ."

ರಾಗ ಹಾಕುವವರು ಕಥೆ ಬರೆದರೆ ಒಂದು ಆಸೆ ಕಾಡುತ್ತದೆ, ಕಳೆದುಹೋದ ಹಾಡನ್ನು ನಾವೇ ಕಟ್ಟಿಬಿಡಬಾರದೇ ಅಂತ. ಮೊಜಾರ್ಟನ ಅಕ್ಕ ಮರಿಯಾ ಆನಾ ನಿಮಗೆ ಗೊತ್ತು, ಮನೆಯವರ ಬಾಯಲ್ಲಿ ನಾನೆರ್ಲ್. 1763ರಿಂದ 66ರವರೆಗೆ ಅಪ್ಪ ಇಬ್ಬರು ಮಕ್ಕಳನ್ನೂ ಯುರೋಪೆಲ್ಲ ಸುತ್ತಿಸಿ ನುಡಿಸಿದ. ಅಕ್ಕ ಬೆಳೆದು ದೊಡ್ಡವಳಾದಳು. ತಮ್ಮ ಅಪ್ಪನ ಜೊತೆ ಇಟಲಿಗೆ ಹೋದ, ಅವಳು ಅಮ್ಮನ ಜೊತೆ ಸಾಲ್ಜ್‌ಬರ್ಗಿನಲ್ಲಿ ಉಳಿದಳು. ಉಳಿದವಳು ಒಂದು ಹಾಡು ಕಟ್ಟಿ ತಮ್ಮನಿಗೆ ಕಳಿಸುತ್ತಾಳೆ. 1770ರ ಜುಲೈ 7ರಂದು ರೋಮಿನಿಂದ ತಮ್ಮ ಉತ್ತರ ಬರೆಯುತ್ತಾನೆ: ನೀನು ಇಷ್ಟು ಚೆನ್ನಾಗಿ ಹಾಡು ಕಟ್ಟುತ್ತೀಯ ಅಂತ ಗೊತ್ತಿರಲಿಲ್ಲ, ಬಹಳ ಸೊಗಸಾಗಿದೆ, ಆಗಾಗ ಮಾಡುತ್ತಿರು ಅಂತ. ತಮ್ಮನ ಪತ್ರ ಉಳಿಯಿತು. ಅಕ್ಕನ ಹಾಡು ಉಳಿಯಲಿಲ್ಲ. ಅವಳು ಕಟ್ಟಿದ್ದು ಒಂದೂ ಉಳಿದಿಲ್ಲ.

ಆ ಹಾಡನ್ನು ನಾನು ಮೂರು ಸಲ ಕಟ್ಟಿದೆ. ಆ ಕಾಲದ ಶೈಲಿಯಲ್ಲಿ, ಕೀಬೋರ್ಡಿನ ಮುಂದೆ ಕೂತು, ಸಾಕಷ್ಟು ಓದಿಕೊಂಡೇ. ಮೊದಲನೆಯದು ತಮ್ಮನ ಹಾಡಿನ ಹಾಗಿತ್ತು. ಎರಡನೆಯದು ಬೇಕೆಂದೇ ತಮ್ಮನ ಹಾಗಿರಬಾರದು ಅಂತ ಹಟ ಹಿಡಿದಿತ್ತು. ಮೂರನೆಯದು ಚೆನ್ನಾಗಿತ್ತು, ಆದರೆ ಅದು ನನ್ನದು. ಮೂರನ್ನೂ ಹರಿದೆ. ನನ್ನ ಕಥೆಯಲ್ಲಿ ಆ ಹಾಡು ಯಾರಿಗೂ ಕೇಳುವುದಿಲ್ಲ. ರೋಮಿನ ಸೆಕೆಯಲ್ಲಿ ಹುಡುಗನೊಬ್ಬ ಕಾಗದ ಬಿಡಿಸಿ, ಮೊದಲು ನಗುವ ಮುಖ ಮಾಡಿಕೊಂಡು ಓದಲು ಶುರುಮಾಡುತ್ತಾನೆ. ನಾಲ್ಕನೇ ಸಾಲಿಗೆ ಅವನ ಬೆರಳು ಮೇಜಿನ ಮೇಲೆ ಆಡುವುದು ನಿಲ್ಲುತ್ತದೆ. ಅಷ್ಟೇ. ನನ್ನ ಸ್ನೇಹಿತರೊಬ್ಬರು ಇದು ಹೇಡಿತನ ಅನ್ನುತ್ತಾರೆ. ಇರಬಹುದು. ಪಾತ್ರದ ಬಾಯಲ್ಲಿ ನನ್ನ ಮಾತು ಹಾಕುವುದಕ್ಕೆ ನನಗೆ ಸಂಕೋಚವಿಲ್ಲ, ಓದುಗರಿಗೂ ಅದು ಕಥೆ ಅಂತ ಗೊತ್ತು. ನಿಜವಾಗಿ ಬದುಕಿದ್ದ ಸಂಯೋಜಕಿಯ ಹೆಸರಲ್ಲಿ ನನ್ನ ಹಾಡು ಇಟ್ಟರೆ ಮಾತ್ರ ಯಾಕೋ ಕಳ್ಳತನ ಅನ್ನಿಸುತ್ತದೆ. ತಿರುಗುಮುರುಗಿನ ಕಳ್ಳತನ, ಆದರೂ ಕಳ್ಳತನವೇ.

ಇದೇ ಸಂಕೋಚದಿಂದ ಬೆಂಗಳೂರು ನಾಗರತ್ನಮ್ಮನವರ ಬಗ್ಗೆಯೂ ನಾನು ಕಥೆ ಬರೆದಿಲ್ಲ. ತುಂಬ ಜನ ಕೇಳುತ್ತಾರೆ, ಕನ್ನಡದವಳಾಗಿ ಅವರನ್ನು ಬಿಟ್ಟು ಕಲ್ಕತ್ತೆ, ವೆನಿಸ್ಸು ಯಾಕೆ ಅಂತ. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದವರು, ಮದ್ರಾಸಿನಲ್ಲಿ ಹೆಸರು ಮಾಡಿದವರು. ತಿರುವಯ್ಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ದುಡ್ಡು ಸುರಿದು ಗುಡಿ ಕಟ್ಟಿಸಿದರು, 1925ರಲ್ಲಿ ಅದರ ಪ್ರತಿಷ್ಠೆ ಆಯಿತು. ಆ ಗುಡಿಯ ಎದುರಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಇವರು ಹೆಂಗಸರದ್ದೇ ಬೇರೆ ಗುಂಪು ಕಟ್ಟಿ ಹಾಡಿಸಿದರು, ಕೊನೆಗೆ ಎಲ್ಲ ಗುಂಪುಗಳೂ ಒಂದಾಗಬೇಕಾಯಿತು. ಕಥೆಗೆ ಇನ್ನೇನು ಬೇಕು ಅಂತೀರಿ.

ಆದರೆ ನನಗೆ ಅವರು ಪಾತ್ರಕ್ಕಿಂತ ಹೆಚ್ಚಾಗಿ ಹಿರಿಯ ಸಹೋದ್ಯೋಗಿ. ಮರೆತುಹೋದ ಹೆಣ್ಣನ್ನು ಎತ್ತಿ ತರುವ ಕೆಲಸವನ್ನು ನಮಗಿಂತ ನೂರು ವರ್ಷ ಮೊದಲೇ ಅವರು ಮಾಡಿದರು. ಮುದ್ದುಪಳನಿ ಅನ್ನುವ ಕವಯಿತ್ರಿ, ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದವಳು, ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ಅಚ್ಚಾಗಿದ್ದ ಪ್ರತಿಯಲ್ಲಿ ಆಕೆ ತನ್ನ ಬಗ್ಗೆ, ತನ್ನ ಮನೆತನದ ಹೆಂಗಸರ ಬಗ್ಗೆ ಹೇಳಿಕೊಂಡ ಪೀಠಿಕೆಯನ್ನೇ ಕಿತ್ತುಹಾಕಿದ್ದರು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಪ್ರಕಟಿಸಿದರು. ಹೆಂಗಸರ ಕಿವಿಗೆ ಬೀಳಬಾರದ ಶೃಂಗಾರ ಅಂತ ತೆಲುಗಿನ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅಂಥವರೇ ಹೇಳಿದ್ದರು. ನಾಚಿಕೆ ಮರ್ಯಾದೆಯ ಪ್ರಶ್ನೆ ಹೆಂಗಸು ಬರೆದಾಗ ಮಾತ್ರ ಏಳುತ್ತದೆಯೇ, ಗಂಡಸು ಬರೆದಾಗ ಏಳುವುದಿಲ್ಲವೇ ಅಂತ ನಾಗರತ್ನಮ್ಮ ತಿರುಗಿ ಕೇಳಿದರು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾಗುವ ಹೊತ್ತಿಗೆ ಟಂಗುಟೂರಿ ಪ್ರಕಾಶಂ ಮದ್ರಾಸಿನ ಪ್ರೀಮಿಯರ್, ಅಂದರೆ ಈಗಿನ ಲೆಕ್ಕದಲ್ಲಿ ಮುಖ್ಯಮಂತ್ರಿ, ಆಗಿದ್ದರು, ನಾಗರತ್ನಮ್ಮನವರಿಗೆ ಎಪ್ಪತ್ತು ಹತ್ತಿರ.

ಗಮನಿಸಿ, ಅವರು ಮುದ್ದುಪಳನಿಯ ಬಗ್ಗೆ ಕಾದಂಬರಿ ಬರೆಯಲಿಲ್ಲ. ಅವಳ ಬದಲು ತಾವು ಮಾತಾಡಲಿಲ್ಲ. ಅವಳು ಆಡಿದ ಮಾತನ್ನು ವಾಪಸು ಅವಳ ಬಾಯಿಗೆ ಕೊಟ್ಟರು. ಕಾಗದ ಸಿಕ್ಕ ಕಡೆ ನಾವೂ ಅದನ್ನೇ ಮಾಡಬೇಕು, ಕಥೆ ಕಟ್ಟಬಾರದು. ನನ್ನಂಥವರಿಗೆ ಕೆಲಸ ಇರುವುದು ಕಾಗದವೇ ಇಲ್ಲದ ಕಡೆ. ಎರಡು ನಿಮಿಷದ ಏಳಿಂಚಿನ ಪ್ಲೇಟು, ಒಂದು ಸಾಲಿನ ಬೈಗುಳ, ಇಷ್ಟೇ ಇದ್ದ ಕಡೆ.

ಪ್ರಶ್ನೆಗಳಿಗೆ ಸಮಯ ಕೊಡಬೇಕು ಅಂತ ಚೀಟಿ ಬಂದಿದೆ. ನನ್ನ ಏಳಿಂಚು ಮುಗಿಯುತ್ತಾ ಬಂತು.

(ಮೊದಲ ಪ್ರಶ್ನೆ ಹಿಂದಿನ ಸಾಲಿನ ವಿದ್ಯಾರ್ಥಿನಿಯದು: "ಮೇಡಂ, ಫಣಿಬಾಲಾ ಕಥೆಯಲ್ಲಿ ನೀವು ಯಾವ ಸ್ಪೀಡು ಇಟ್ಕೊಂಡ್ರಿ? ಅವಳ ವಾಯ್ಸು ಹೇಗಿದೆ ಅಂತ ಬರೆದ್ರಿ?" ಅದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸುತ್ತಿದ್ದೇನೆ.)

ಒಳ್ಳೇ ಪ್ರಶ್ನೆ. ನಾನು ತಪ್ಪಿಸಿಕೊಂಡೆ. ಅವಳ ಕಂಠ ಹೀಗಿತ್ತು ಅಂತ ಕಥೆಯಲ್ಲಿ ಎಲ್ಲೂ ಹೇಳಿಲ್ಲ. ಕೊನೆಯ ದೃಶ್ಯದಲ್ಲಿ 1903, ಹ್ಯಾನೋವರಿನಿಂದ ಪ್ಲೇಟುಗಳು ಬಂದಿವೆ. ನಾಟಕ ಕಂಪನಿಯ ಮಾಲೀಕರ ಮನೆಯ ಜಗಲಿಯಲ್ಲಿ ಗ್ರಾಮಫೋನು. ಹುಡುಗಿಯರೆಲ್ಲ ನೆಲದ ಮೇಲೆ ಕೂತಿದ್ದಾರೆ. ಮಾಲೀಕರ ಮಗ ಕೀಲಿಯನ್ನು ಪೂರ್ತಿ ತಿರುಗಿಸದೆ ಪ್ಲೇಟು ಹಾಕಿಬಿಡುತ್ತಾನೆ. ಶುರುವಿನಲ್ಲಿ ಸರಿಯಾಗೇ ಇರುತ್ತದೆ. ಒಂದು ನಿಮಿಷ ಆಗುವಷ್ಟರಲ್ಲಿ ಸ್ಪ್ರಿಂಗು ಸೋಲುತ್ತದೆ, ಹಾಡು ಎಳೆಯುತ್ತಾ ಎಳೆಯುತ್ತಾ ಶ್ರುತಿ ಇಳಿಯುತ್ತದೆ, ಕಂಠ ದಪ್ಪಗಾಗುತ್ತಾ ಹೋಗುತ್ತದೆ. ಎಲ್ಲರೂ ಅವಳ ಮುಖ ನೋಡುತ್ತಾರೆ, ಅತ್ತುಬಿಡುತ್ತಾಳೇನೋ ಅಂತ. ಅವಳು ಕಿವಿಗೊಟ್ಟು ಕೊನೆಯ ಗೊರಗೊರವರೆಗೂ ಕೇಳುತ್ತಾಳೆ. ಆಮೇಲೆ ಶೋಶಿಮುಖಿಯ ಕಡೆ ತಿರುಗಿ, "ಥೇಟ್ ನಮ್ಮಮ್ಮ" ಅಂತ ಬಿದ್ದು ಬಿದ್ದು ನಗುತ್ತಾಳೆ. ನಗು ನಿಂತ ಮೇಲೆ ಹುಡುಗನಿಗೆ ಹೇಳುತ್ತಾಳೆ, "ಕೀಲಿ ಪೂರ್ತಿ ತಿರುಗಿಸು, ಇನ್ನೊಂದು ಸಲ ಹಾಕು. ಎರಡನೇ ಸಾಲಲ್ಲಿ ಉಸಿರು ಎಲ್ಲಿ ತಗೊಂಡೆ ಅಂತ ನೋಡಬೇಕು."